ಹೆಸರು ಓಡುವ ಹೊತ್ತು

ಇವತ್ತು ಬೆಳಿಗ್ಗೆ ಕಾಫಿಗೆ ನೀರಿಡುವ ಹೊತ್ತಿಗೆ ತಂಗಿಯ ಫೋನು. "ಅಕ್ಕಾ, ಪರ್ಫೆಕ್ಟ್ ಡೇಸ್ ಮುಗಿಸಿದ್ಯಾ? ಕೊನೇಲಿ ಹೆಸರೆಲ್ಲ ಹೋದ್ಮೇಲೆ ಒಂದು ಪದ ಬರುತ್ತಲ್ಲ, ಎಷ್ಟು ಚೆನ್ನಾಗಿದೆ ಅಲ್ವಾ?"

ಆ ಪದವನ್ನು ನಾನು ನೋಡಿಯೇ ಇರಲಿಲ್ಲ. ಸಿನಿಮಾದ ಕೊನೆಯಲ್ಲಿ ಹಿರಾಯಾಮಾ ಬೆಳಗಿನ ಬೆಳಕಿನಲ್ಲಿ ವ್ಯಾನು ಓಡಿಸುತ್ತ ನಗುತ್ತಾನೆ, ಕಣ್ಣು ತುಂಬಿಕೊಳ್ಳುತ್ತಾನೆ, ಮತ್ತೆ ನಗುತ್ತಾನೆ. ಆ ಮುಖ ಮರೆಯಾಗಿ ಮೊದಲ ಹೆಸರು ಮೂಡುವಷ್ಟರಲ್ಲಿ ಟಿವಿಯ ಚಿತ್ರ ಮುದುಡಿ ಮೂಲೆಗೆ ಸೇರಿತು. ಉಳಿದ ಪರದೆಯ ತುಂಬ ಯಾವುದೋ ಬೇರೆ ಸಿನಿಮಾದ ಕಾರುಗಳು ಒಂದರ ಮೇಲೊಂದು ಹಾರತೊಡಗಿದವು. ನಾನು ರಿಮೋಟಿಗೆ ಕೈ ಹಾಕುವ ಮೊದಲೇ ಅದು ಶುರುವಾಗಿಯೂ ಬಿಟ್ಟಿತು. ರಾತ್ರಿ ಬರೀ ಬೇಸರವಾಗಿತ್ತು. ಬೆಳಿಗ್ಗೆ ತಂಗಿಯ ಮಾತು ಕೇಳಿದ ಮೇಲೆ ಸಿಟ್ಟೇ ಬಂತು.

ಸಿನಿಮಾ ಹೇಗಿದೆ ಎಂದು ಕೇಳುವವರಿಗೆ ಬೇಗ ಹೇಳಿಬಿಡುತ್ತೇನೆ. ವಿಮ್ ವೆಂಡರ್ಸ್ ಮಾಡಿದ, 2023ರ ಚಿತ್ರ. ಟೋಕಿಯೋದ ಸಾರ್ವಜನಿಕ ಶೌಚಾಲಯಗಳನ್ನು ತೊಳೆಯುವ ಹಿರಾಯಾಮಾನ ದಿನಗಳು. ಆ ಪಾತ್ರಕ್ಕೆ ಕೋಜಿ ಯಾಕುಶೋ ಕಾನ್ ಉತ್ಸವದಲ್ಲಿ ಶ್ರೇಷ್ಠ ನಟನಾದ. ಸರಳ ಬದುಕು, ತೃಪ್ತಿ ಎಂದು ಎಲ್ಲರೂ ಹೇಳಿದ್ದಾರೆ, ಅದು ಸರಿಯೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಮಧ್ಯಾಹ್ನದ ಊಟದ ಹೊತ್ತು. ಗುಡಿಯ ಆವರಣದ ಬೆಂಚಿನಲ್ಲಿ ಕೂತು, ಹಳೇ ರೀಲಿನ ಕ್ಯಾಮೆರಾ ತೆಗೆದು, ತಲೆಯ ಮೇಲಿನ ಎಲೆಗಳ ಸಂದಿಯ ಬೆಳಕಿನ ಫೋಟೋ ತೆಗೆಯುತ್ತಾನೆ. ಪ್ರಿಂಟು ಬಂದ ಮೇಲೆ ಸರಿಯಿಲ್ಲದ್ದನ್ನು ಹರಿದು, ಉಳಿದದ್ದನ್ನು ಡಬ್ಬಿಯಲ್ಲಿ ಜೋಡಿಸಿಡುತ್ತಾನೆ. ಯಾರಿಗೂ ತೋರಿಸುವುದಿಲ್ಲ.

ಹತ್ತು ದಿನದಲ್ಲಿ ನಾಲ್ಕೈದು ಸಿನಿಮಾ ನೋಡಿದೆ. ಪಾಯಲ್ ಕಪಾಡಿಯಾರ 'ಆಲ್ ವಿ ಇಮ್ಯಾಜಿನ್ ಆಸ್ ಲೈಟ್'ನಲ್ಲಿ ಮುಂಬೈಯ ಮಳೆಗಿಂತ ರತ್ನಾಗಿರಿ ಕಡೆಯ ಕಡಲೇ ನನಗೆ ಹೆಚ್ಚು ಹಿಡಿಸಿತು. ಆದರೂ ಕಣ್ಣಲ್ಲಿ ನಿಂತಿರುವುದು ಮುಂಬೈಯ ಆ ಕೋಣೆಯೇ. ಕಳಿಸಿದವರ ಹೆಸರಿಲ್ಲದೆ ಜರ್ಮನಿಯಿಂದ ಬಂದ ಕೆಂಪು ರೈಸ್ ಕುಕ್ಕರನ್ನು ಪ್ರಭಾ ರಾತ್ರಿ ಒಬ್ಬಳೇ ಕೂತು ಅಪ್ಪಿಕೊಳ್ಳುತ್ತಾಳೆ. ಅಲ್ಲಿರುವ ಗಂಡನ ಬಗ್ಗೆ ಬೇರೆ ಮಾತೇ ಬೇಕಾಗಲಿಲ್ಲ. 'ಡೇರ್‌ಡೆವಿಲ್ ಮುಸ್ತಫಾ' ಸ್ವಲ್ಪ ಉದ್ದವಾಯಿತು, ಆದರೆ ತೇಜಸ್ವಿಯವರ ಕಥೆಗೆ ಅವರ ಓದುಗರೇ ಹಣ ಕೂಡಿಸಿ ಸಿನಿಮಾ ಮಾಡಿದರು ಎಂಬ ಒಂದೇ ಕಾರಣಕ್ಕೆ ನನಗೆ ಅದರ ಮೇಲೆ ಪ್ರೀತಿ. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' ಎಷ್ಟನೇ ಸಲವೋ. 1977ರ ಚಿತ್ರ, ಇವತ್ತಿಗೂ ತಲೆ ಬೋಳಿಸಿದ ಯಮುನಾ ಮರದ ಬುಡದಲ್ಲಿ ಒಬ್ಬಳೇ ಕೂತದ್ದನ್ನು ಕಂಡರೆ ಸ್ವಲ್ಪ ಹೊತ್ತು ಯಾರೂ ಮಾತಾಡಿಸಬಾರದು ಅನ್ನಿಸುತ್ತದೆ.

ಆ ಸ್ವಲ್ಪ ಹೊತ್ತಿಗಾಗಿಯೇ ಹೆಸರುಗಳು ಓಡಬೇಕು ಎನ್ನುವುದು ನನ್ನ ವಾದ. ಊಟ ಮುಗಿದ ಮೇಲೆ ಎಲೆ ಮುಂದೆ ಎರಡು ನಿಮಿಷ ಕೂರುತ್ತೇವಲ್ಲ, ಹಾಗೆ. ಪಕ್ಕದವರ ಕೈತೊಳೆಯುವ ಸದ್ದಿನಲ್ಲಿ ಪಾಯಸದ ರುಚಿ ಇನ್ನೂ ನಾಲಿಗೆಯಲ್ಲಿರುತ್ತದೆ. ಅಷ್ಟರಲ್ಲಿ ಯಾರಾದರೂ ಎಲೆ ಎಳೆದು ಇನ್ನೊಂದು ಹಾಸಿ ಬಿಸಿಬೇಳೆಭಾತ್ ಸುರಿದರೆ ಹೇಗೆ? ಮತ್ತೆ, ಅವು ಬರೀ ಅಕ್ಷರಗಳಲ್ಲ. 'ತಿಥಿ' 2015ರಲ್ಲಿ ಲೊಕಾರ್ನೋದಲ್ಲಿ ಗೋಲ್ಡನ್ ಲೆಪರ್ಡ್ ಗೆದ್ದಾಗ ಪರದೆಯ ಮೇಲಿದ್ದವರು ಮಂಡ್ಯದ ನೊದೆಕೊಪ್ಪಲು ಕಡೆಯ ಜನ, ಅದುವರೆಗೆ ಕ್ಯಾಮೆರಾದ ಮುಂದೆ ನಿಲ್ಲದವರು. ಅಂಥವರ ಹೆಸರು ಓಡುವಾಗ ಅದನ್ನು ಮೂಲೆಗೆ ಒತ್ತುವುದು ಊಟ ಬಡಿಸಿದವರನ್ನು ಹೊರಗೆ ನಿಲ್ಲಿಸಿದ ಹಾಗೆ. ದೀಪ ಹೊತ್ತವರು, ಬಟ್ಟೆ ಹೊಲಿದವರು, ಅಡುಗೆ ಮಾಡಿದವರು, ವ್ಯಾನು ಓಡಿಸಿದವರು. ನಾನು ಎಲ್ಲವನ್ನೂ ಓದುತ್ತೇನೆ. ಗೊತ್ತಿಲ್ಲದ ಭಾಷೆಯಾದರೂ ಅಕ್ಷರ ಸರಿಯುವುದನ್ನು ನೋಡುತ್ತೇನೆ.

ಈ ಚಾಳಿ ನಮ್ಮ ಸೋದರಮಾವನಿಂದ ಬಂದದ್ದು. ಅವರು ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ಒಂದೇ ಪ್ರೊಜೆಕ್ಟರು, ಹಾಗಾಗಿ ಒಂದು ಆಟಕ್ಕೆ ಮೂರು ನಾಲ್ಕು ಇಂಟರ್ವಲ್ಲು. ಒಳಗೆ ಎರಡು ಕಾರ್ಬನ್ ಕಡ್ಡಿಗಳ ನಡುವೆ ಬೆಂಕಿ ಉರಿಯುತ್ತಿತ್ತು. ಕಡ್ಡಿ ಸವೆದ ಹಾಗೆ ಮಾವ ತಿರುಗಣೆ ತಿರುವಿ ಹತ್ತಿರ ತರಬೇಕು, ಮರೆತರೆ ಪರದೆ ಕಪ್ಪು. ಆಗೆಲ್ಲ ಹೆಸರು ಮೊದಲೇ ಬರುತ್ತಿತ್ತು, ಕೊನೆಗೆ 'ಶುಭಂ' ಮಾತ್ರ. 'ಶರಪಂಜರ'ದ ಹೆಸರುಗಳನ್ನು ಕೂಡಿಸಿ ಓದಿಯೇ ನನಗೆ ಒತ್ತಕ್ಷರ ಬಂದದ್ದು. "ವಿಜಯಭಾಸ್ಕರ್" ಎಂದು ತಡವರಿಸದೆ ಓದಿದ ದಿನ ಮಾವ ಬೆಲ್ಲದ ಕಡಲೆಮಿಠಾಯಿ ಕೊಡಿಸಿದರು. ಅವರ ಹೆಸರು ಯಾವ ಪರದೆಯ ಮೇಲೂ ಬರಲಿಲ್ಲ. ನಾನು ಹಿಂದೆ ತಿರುಗಿ ನೋಡುತ್ತಿದ್ದೆ. ಸಣ್ಣ ಕಿಂಡಿಯಿಂದ ಬೆಳಕಿನ ಕೋಲು ಹೊರಟು, ಬೀಡಿ ಹೊಗೆಯಲ್ಲಿ ಸುಳಿಸುಳಿಯಾಗಿ, ನಮ್ಮ ತಲೆಯ ಮೇಲೆ ಹಾದುಹೋಗುತ್ತಿತ್ತು.

ತಂಗಿ ಹೇಳಿದ ಪದ 'ಕೊಮೊರೆಬಿ'. ಗಾಳಿಗೆ ಎಲೆ ಅಲುಗಿದಾಗ ಆಡುವ ಬಿಸಿಲು ನೆರಳಿಗೆ ಜಪಾನಿಯರು ಇಟ್ಟ ಹೆಸರು. ನಮ್ಮಲ್ಲಿ ಏನನ್ನುತ್ತಾರೆ ಎಂದು ಬೆಳಗಿನಿಂದ ಹುಡುಕುತ್ತಿದ್ದೇನೆ. ಎಳೆಬಿಸಿಲು, ಹೂಬಿಸಿಲು, ಹೊಂಬಿಸಿಲು ಇವೆ. ಹೆಂಚಿನ ಸಂದಿಯಿಂದ ಇಳಿಯುವುದು ಬಿಸಿಲುಕೋಲು. ಅಡಿಕೆ ತೋಟದ ನೆಲದ ಮೇಲೆ ಓಡಾಡುವ ಆ ಬೆಳಕಿಗೆ ಮಾತ್ರ ಯಾವುದೂ ಕೂರುವುದಿಲ್ಲ. ಅಮ್ಮನನ್ನು ಕೇಳಿದೆ. "ಅದಕ್ಕೆಂಥ ಹೆಸರು ಮಾರಾಯ್ತಿ, ಬಿಸಿಲು ಬಿದ್ದದ್ದು ಅಷ್ಟೆ" ಅಂದಳು.

ಆದರೆ ಆ ಬೆಳಕಿನ ಗುರುತು ನನಗಿಂತ ಅಮ್ಮನಿಗೇ ಚೆನ್ನಾಗಿದೆ. ಎಲೆಯ ಸಂದಿ ಯಾವ ಆಕಾರದಲ್ಲಿದ್ದರೂ ದೂರದ ನೆಲದ ಮೇಲೆ ಬೀಳುವ ಬೆಳಕು ದುಂಡಗೇ ಇರುತ್ತದೆ, ಯಾಕೆಂದರೆ ಅದು ಸೂರ್ಯನ ಬಿಂಬ. 2019ರ ಡಿಸೆಂಬರ್ 26ರ ಬೆಳಿಗ್ಗೆ ಗ್ರಹಣ. ಸಾಗರದ ನಮ್ಮ ಮನೆಯಲ್ಲಿ ಅಮ್ಮ ನೀರಿಗೆ, ಉಪ್ಪಿನಕಾಯಿಗೆಲ್ಲ ದರ್ಭೆ ಹಾಕಿ ಒಳಗೇ ಕೂತಿದ್ದಳು. ನಾನು ಕನ್ನಡಕ ಹಿಡಿದು ಅಂಗಳದಲ್ಲಿದ್ದೆ. ಒಂಬತ್ತೂವರೆ ಹೊತ್ತಿಗೆ ಕೂಗಿದಳು. "ಬಾರೇ ಇಲ್ಲಿ, ಅಡುಗೆಮನೇಲಿ ಚಂದ್ರ ಬಿದ್ದಿದಾನೆ." ಹೆಂಚು ಸರಿದ ಕಡೆಯಿಂದ ದಿನಾ ಬೀಳುತ್ತಿದ್ದ ದುಂಡು ಬಿಸಿಲು ಕುಡುಗೋಲಿನಷ್ಟು ತೆಳ್ಳಗಾಗಿ ನೆಲದ ಮೇಲಿತ್ತು. ಅದು ಮತ್ತೆ ತುಂಬಿ ದುಂಡಗಾಗುವ ತನಕ ಇಬ್ಬರೂ ಅಲ್ಲೇ ಕೂತೆವು.

ಆ ಹೆಂಚನ್ನು ಸರಿಮಾಡಿಸಲು ಅಮ್ಮ ಇವತ್ತಿಗೂ ಒಪ್ಪಿಲ್ಲ. ಮಳೆಗಾಲದಲ್ಲಿ ಅದರ ಕೆಳಗೆ ಒಂದು ತಪ್ಪಲೆ ಇಡುತ್ತೇವೆ.