ಬಿಳಿ ಕಾರಿಗೆ ಹಸಿರು ಬಣ್ಣ

ಕಾರ್ಖಾನೆಯ ದಾಖಲೆಯ ಪ್ರಕಾರ ನನ್ನ ಕಾರಿನ ಬಣ್ಣ ಬಿಳಿ. ಈಗ ಅದು ಹಸಿರು. ಹಸಿರು ಬಳಿಸಿದವನು ನಾನೇ, ಅದೂ ದಾಖಲೆ ಕೈಗೆ ಬಂದ ಮೇಲೆ.

ಕಾರು 1966ರ ಎಂಜಿಬಿ. ಬಟ್ಟೆಯ ಹುಡ್ ಇರುವ, ಇಬ್ಬರೇ ಕೂರುವ ಗಾಡಿ. ನಾನಿರುವುದು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿ. ಇಲ್ಲಿಗೆ ಹತ್ತಿರದ ಗೇಡನ್‌ನಲ್ಲಿ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಇದೆ. ಮುಚ್ಚಿಹೋದ ಕಾರ್ಖಾನೆಗಳ ಲೆಡ್ಜರುಗಳನ್ನು ಅಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಚಾಸಿ ನಂಬರ್ ಕೊಟ್ಟು ಶುಲ್ಕ ಕಟ್ಟಿದರೆ ಕಾರು ಯಾವಾಗ ತಯಾರಾಯಿತು, ಯಾವ ಬಣ್ಣದ್ದು, ಎಂಜಿನ್ ನಂಬರ್ ಏನು ಎಂದೆಲ್ಲ ಬರೆದು ಸರ್ಟಿಫಿಕೇಟ್ ಕೊಡುತ್ತಾರೆ. ನನ್ನದರಲ್ಲಿ ‘ಓಲ್ಡ್ ಇಂಗ್ಲಿಷ್ ವೈಟ್’ ಎಂದಿತ್ತು. ನಾನು ಕೊಂಡಾಗ ಮೈಮೇಲಿದ್ದದ್ದು ನಡುವೆ ಯಾರೋ ಬಳಿಸಿದ ಕೆಂಪು. ಅದನ್ನು ಕೆರೆಸಿ ಬ್ರಿಟಿಷ್ ರೇಸಿಂಗ್ ಗ್ರೀನ್ ಹೊಡೆಸಿದೆ. ಯಾಕೆ ಬಿಳಿಗೆ ಹಿಂತಿರುಗಲಿಲ್ಲ ಎಂದು ಕೇಳಿದವರಿಗೆ, ಆ ವರ್ಷದ ಕಾರ್ಖಾನೆ ಪಟ್ಟಿಯಲ್ಲಿ ಈ ಹಸಿರೂ ಇತ್ತು ಎನ್ನುತ್ತಿದ್ದೆ. ಮಾತು ನಿಜ. ಕಾರಣ ಮಾತ್ರ ಬೇರೆ ಇತ್ತು. ಅದು ನನಗೇ ಹೊಳೆಯಲು ಬಹಳ ಕಾಲ ಹಿಡಿಯಿತು.

ಎಂಜಿಬಿ ಶ್ರೀಮಂತರ ಕಾರಾಗಿರಲಿಲ್ಲ. 1962ರಲ್ಲಿ ಬಂದಾಗ ತೆರಿಗೆ ಸೇರಿ 950 ಪೌಂಡಿನ ಆಸುಪಾಸಿಗೆ ಸಿಗುತ್ತಿತ್ತು. ಜಾಗ್ವಾರ್ ಇ-ಟೈಪ್ ಬೇಕೆಂದರೆ ಸುಮಾರು ಅದರ ಎರಡರಷ್ಟು ಕೊಡಬೇಕಿತ್ತು. ಆಕ್ಸ್‌ಫರ್ಡ್ ಪಕ್ಕದ ಅಬಿಂಗ್ಡನ್ನಿನ ಕಾರ್ಖಾನೆಯಲ್ಲಿ ಅರ್ಧ ಕಟ್ಟಿದ ಕಾರುಗಳನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಕೆಲಸಗಾರರು ಕೈಯಿಂದಲೇ ತಳ್ಳಿಕೊಂಡು ಹೋಗುತ್ತಿದ್ದರಂತೆ. 1980ರ ಅಕ್ಟೋಬರಿನಲ್ಲಿ ಆ ಕಾರ್ಖಾನೆ ಬಾಗಿಲು ಹಾಕುವ ಹೊತ್ತಿಗೆ 5 ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಹೊರಬಿದ್ದಿದ್ದವು. ಬಹುಪಾಲು ಹೋದದ್ದು ಅಮೆರಿಕಕ್ಕೆ. ಬೆಲೆ ಕಡಿಮೆ ಇದ್ದದ್ದಕ್ಕೆ ಮುಖ್ಯ ಕಾರಣ, ಹೊರಗಿನ ಅಂದ ಹೊಸದಾದರೂ ಒಳಗಿನ ಬಹಳಷ್ಟು ಸಾಮಾನು ಅದೇ ಕಂಪನಿಯ ಸಂಸಾರಸ್ಥರ ಕಾರುಗಳಿಂದ ಬಂದದ್ದು. ಈ ಮಾತು ಮುಂದೆ ಬೇಕಾಗುತ್ತದೆ.

ಗಾಡಿಯ ಜೊತೆ ಒಂದು ದಪ್ಪ ಫೈಲೂ ಬಿಸ್ಕತ್ತಿನ ಡಬ್ಬಿಗಳ ತುಂಬ ಬೋಲ್ಟು ನಟ್ಟುಗಳೂ ಬಂದವು. ಹಿಂದಿನ ಮಾಲೀಕರು ಬಿಚ್ಚಿ ಹಾಕಿ, ಜೋಡಿಸುವ ಉಮೇದು ಮುಗಿದ ಮೇಲೆ ಮಾರಿದ್ದರು. ಫೈಲಿನಲ್ಲಿ ಹಳೆಯ ಲಾಗ್‌ಬುಕ್ಕು, ಟೈರಿನ ಬಿಲ್ಲು, ವರ್ಷ ವರ್ಷದ ತಪಾಸಣೆಯ ಚೀಟಿಗಳಿದ್ದವು. ಕಾಗದಕ್ಕಿಂತ ಹೆಚ್ಚನ್ನು ತಗಡು ಹೇಳುತ್ತಿತ್ತು. ಒಬ್ಬರು ಡೈನಮೊ ಕಿತ್ತು ಆಲ್ಟರ್ನೇಟರ್ ಕೂರಿಸಿದ್ದರು. ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿಗಳಿರಬೇಕಾದ ಕಡೆ ಇನ್ನೊಬ್ಬರು 12 ವೋಲ್ಟಿನ ಒಂದನ್ನು ತುರುಕಿದ್ದರು. ಮತ್ತೊಬ್ಬರು ಕೊಳೆತ ತಗಡಿನ ಮೇಲೆಯೇ ಹೊಸ ತಗಡು ಬೆಸೆದು, ಪುಟ್ಟಿ ಮೆತ್ತಿ, ಬಣ್ಣ ಹೊಡೆಸಿದ್ದರು. ಅವರೆಲ್ಲರನ್ನೂ ನಾನು ಮನಸಾರೆ ಬೈದುಕೊಂಡಿದ್ದೇನೆ. ಅವರಿಗೆ ಆ ಕಾರು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗಲು ಬೇಕಿತ್ತು, ಕಿಸೆಯಲ್ಲಿದ್ದ ದುಡ್ಡಿನಲ್ಲೇ ಅದನ್ನು ಓಡಿಸಬೇಕಿತ್ತು ಎಂಬುದು ಆಗ ತಲೆಗೆ ಬರಲಿಲ್ಲ. ನನ್ನ ಕೆಲಸಕ್ಕೆ ಬೇರೆ ಕಾರಿದೆ.

ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಎಲ್ಲ ಭಾರ ಹೊರಬೇಕು. ಮೇಲೆ ಗಟ್ಟಿ ಸೂರಿಲ್ಲದ್ದರಿಂದ ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ಭಾಗ, ಇಲ್ಲಿಯವರು ಸಿಲ್ ಎನ್ನುವುದು, ಅದೇ ಬೆನ್ನುಮೂಳೆ. ಒಳಗೊಂದು, ಹೊರಗೊಂದು, ನಡುವೆ ಒಂದು ಎಂದು ಮೂರು ತಗಡು ಸೇರಿ ಅದಾಗಿದೆ. ನೀರು ನಿಂತು ಅದು ತುಕ್ಕು ಹಿಡಿದರೆ ಕಾರು ನಡುವಿನಲ್ಲಿ ಕುಸಿಯುತ್ತದೆ, ಬಾಗಿಲು ಹಾಕಲು ತೆಗೆಯಲು ಬರುವುದಿಲ್ಲ. ಹಳೆಯದನ್ನು ಕತ್ತರಿಸುವ ಮೊದಲು ಬಾಗಿಲ ಸಂದಿಗೆ ಅಡ್ಡ ಕಬ್ಬಿಣ ಬೆಸೆದು ಬಿಗಿ ಮಾಡಿಕೊಳ್ಳದಿದ್ದರೆ ಇಡೀ ಬಾಡಿ ಸೊಟ್ಟಗಾಗುತ್ತದೆ. ಈ ಕೆಲಸ ನನ್ನ ಕೈಯದಲ್ಲ. ಹಳ್ಳಿಯೊಂದರ ವರ್ಕ್‌ಶಾಪಿನ ವಯಸ್ಸಾದ ವೆಲ್ಡರ್ ಒಬ್ಬರು ಒಂದು ಚಳಿಗಾಲ ಕಾರಿನ ಕೆಳಗೆ ಮಲಗಿ ಮಾಡಿದ್ದು. ಬ್ರೇಕು, ವೈರಿಂಗು, ಕಾರ್ಬುರೇಟರು ನನ್ನವು. ಆದರೂ ‘ನಾನೇ ರೆಸ್ಟೋರ್ ಮಾಡಿದೆ’ ಎಂದು ಹೇಳುವಾಗ ನಾಲಗೆ ತಡವರಿಸುವುದಿಲ್ಲ. ಮನೆ ಕಟ್ಟಿಸಿದವನು ‘ಮನೆ ಕಟ್ಟಿದೆ’ ಎನ್ನುವ ಹಾಗೆ.

ನಾನು ಕೆಲಸ ಶುರುಮಾಡಿದ ಕಾಲದಲ್ಲಿ ಇಲ್ಲಿನ ಸಾರಿಗೆ ಇಲಾಖೆಯದ್ದೊಂದು ಅಂಕದ ಲೆಕ್ಕವಿತ್ತು. ಬಹಳಷ್ಟು ಬದಲಾಯಿಸಿ ಕಟ್ಟಿದ ಗಾಡಿಗೆ ಹಳೆಯ ನಂಬರೇ ಉಳಿಯಬೇಕಾದರೆ, ಅದರಲ್ಲಿ ಉಳಿದ ಮೂಲ ಭಾಗಗಳಿಗೆ ಕನಿಷ್ಠ 8 ಅಂಕ ಸಿಗಬೇಕಿತ್ತು. ಬಾಡಿಗೆ 5. ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೀರಿಂಗ್, ಒಂದೊಂದಕ್ಕೂ 2. ಎಂಜಿನ್‌ಗೆ 1. ಓದಿದಾಗ, ಗಾಡಿಯನ್ನು ಎಳೆಯುವುದಕ್ಕೇ ಎಲ್ಲಕ್ಕಿಂತ ಕಡಿಮೆ ಅಂಕವೇ ಎಂದು ನಕ್ಕಿದ್ದೆ. ಈಗ ನೋಡಿದರೆ ನನ್ನ ತಲೆಯೊಳಗಿನ ಅಂಕಪಟ್ಟಿಯೂ ಅದೇ ಆಗಿತ್ತು.

ಯಾಕೆಂದರೆ ಆ ಎಂಜಿನ್ ನನಗೆ ಹೊಸದಲ್ಲ. ಹಾಸನದ ಬಸ್‌ಸ್ಟ್ಯಾಂಡ್ ಹತ್ತಿರ ಅಪ್ಪನ ಟ್ಯಾಕ್ಸಿ ನಿಲ್ಲುತ್ತಿತ್ತು. ಅಂಬಾಸಿಡರ್. ಬೇಲೂರು, ಹಳೇಬೀಡು, ಧರ್ಮಸ್ಥಳ, ಮದುವೆ ದಿಬ್ಬಣ, ಬಾಣಂತಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆತರುವುದು, ಎಲ್ಲಕ್ಕೂ ಅದೇ. ಅಂಬಾಸಿಡರ್ ಎಂದರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿದ್ದು. 2014ರವರೆಗೂ ಅಲ್ಲಿಂದ ಬರುತ್ತಿತ್ತು. ಅಪ್ಪನ ಗಾಡಿಯಲ್ಲಿದ್ದ 1489 ಸಿಸಿ ಪೆಟ್ರೋಲ್ ಎಂಜಿನ್ ಬಿ-ಸೀರೀಸ್ ಎಂಬ ಬ್ರಿಟಿಷ್ ವಂಶದ್ದು. ಅದೇ 1489 ಸಿಸಿ ಎಂಜಿನ್ನಿಗೆ ಎರಡು ಕಾರ್ಬುರೇಟರ್ ಕೊಟ್ಟು 1955ರಲ್ಲಿ ಎಂಜಿಎ ಎಂಬ ಸ್ಪೋರ್ಟ್ಸ್ ಕಾರು ಮಾಡಿದರು. ಮುಂದೆ ಸಿಲಿಂಡರ್ ಅಗಲ ಮಾಡಿ 1798 ಸಿಸಿಗೆ ಏರಿಸಿ ಎಂಜಿಬಿಗೆ ಇಟ್ಟರು. ಅಗಲ ಬೇರೆಯಾದರೂ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ ಎರಡರಲ್ಲೂ ಒಂದೇ, 88.9 ಮಿಲಿಮೀಟರ್.

ಇದನ್ನು ನಾನು ಕಾರು ಕೊಳ್ಳುವ ಮೊದಲೇ ಓದಿದ್ದೆ. ಓದಿ ಪಕ್ಕಕ್ಕಿಟ್ಟಿದ್ದೆ.

ಅಪ್ಪ ಇಲ್ಲಿಗೆ ಬಂದಿದ್ದಾಗ ಬಾನೆಟ್ ಎತ್ತಿ ತೋರಿಸಿದೆ. ಕ್ರೋಮಿಯಂ ಗ್ರಿಲ್ಲು, ತಂತಿ ಚಕ್ರ, ಮರದ ಸ್ಟೀರಿಂಗು ಯಾವುದನ್ನೂ ಅವನು ನೋಡಲಿಲ್ಲ. ಬಗ್ಗಿ, ಟ್ಯಾಪೆಟ್ ಕವರಿನ ಮೇಲೆ ಅಂಗೈ ಇಟ್ಟ.

“ಇದು ನಮ್ ಅಂಬಾಸಿಡರ್ ಎಂಜಿನ್ನಲ್ವೇನೋ? ಎರಡು ಕಾರ್ಬುರೇಟ್ರು ಹಾಕವ್ರೆ, ಅಷ್ಟೆ.”

“ಹ್ಞೂಂ ಅಪ್ಪ, ಅದೇ ಜಾತಿದು.”

“ಎಷ್ಟ್ ಜನ ಕೂರ್ತಾರೆ?”

“ಇಬ್ರು.”

“ಇನ್ನೊಬ್ರು ಬಂದ್ರೆ?”

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಇನ್ನೊಬ್ಬರು ಬಂದರೆ ಎಂಬ ಪ್ರಶ್ನೆಯೇ ಏಳದಂಥ ಬದುಕಿಗಾಗಿ ತಯಾರಾದ ಕಾರು ಅದು. ಅಪ್ಪನ ಗಾಡಿಯಲ್ಲಿ ಇನ್ನೊಬ್ಬರು ಯಾವಾಗಲೂ ಬರುತ್ತಿದ್ದರು, ಅವರಿಗೆ ಜಾಗವೂ ಆಗುತ್ತಿತ್ತು.

ಸ್ಟಾರ್ಟ್ ಮಾಡಿದೆ. ಅಪ್ಪ ಕಿವಿಗೊಟ್ಟು, ಟ್ಯಾಪೆಟ್ ಸಡಿಲ ಅವೆ ಎಂದ. ಆರಿದ ಮೇಲೆ ಫೀಲರ್ ಗೇಜ್ ಕೇಳಿದ. ಪ್ಯಾಂಟು ಮಡಚಿಕೊಂಡು ಒಂದೊಂದಾಗಿ ನೋಡುತ್ತ ಹೋದ. ಎಂಟನೇ ವಾಲ್ವ್ ಪೂರ್ತಿ ಒತ್ತಿಕೊಂಡಾಗ ಒಂದನೆಯದನ್ನು ಸೆಟ್ ಮಾಡಬೇಕು, ಏಳು ಒತ್ತಿದಾಗ ಎರಡು, ಕೂಡಿದರೆ ಯಾವಾಗಲೂ ಒಂಬತ್ತು. ಇಂಗ್ಲಿಷ್ ಕೈಪಿಡಿಯಲ್ಲಿ ಅಡಿಗೆರೆ ಎಳೆದುಕೊಂಡು ನಾನು ಕಲಿತ ಲೆಕ್ಕ ಇದು. ಅಪ್ಪ ಅದನ್ನು ಚಿಕ್ಕಂದಿನಲ್ಲಿ ನನಗೆ ಹೇಳಿಕೊಟ್ಟಿದ್ದ, ಟ್ಯಾಕ್ಸಿಯ ಪಕ್ಕದಲ್ಲಿ ನಿಲ್ಲಿಸಿಕೊಂಡು. ನಾನು ಆಗ ಕೇಳಿಸಿಕೊಳ್ಳುತ್ತಿರಲಿಲ್ಲ. ಕ್ಲಾಸಿನ ಹುಡುಗರು ಯಾರಾದರೂ ಈ ಕಡೆ ಬರುತ್ತಿದ್ದಾರೆಯೇ ಎಂದು ನೋಡುತ್ತಿದ್ದೆ. ಅಪ್ಪನ ಅಂಗಿಯ ಪೆಟ್ರೋಲು ಗ್ರೀಸಿನ ವಾಸನೆ ನನ್ನ ಪುಸ್ತಕದ ಚೀಲಕ್ಕೂ ಹತ್ತಿರುತ್ತದೆಂಬ ಭಯ ಕಾಲೇಜು ಮುಗಿಯುವವರೆಗೂ ಇತ್ತು.

ಅಪ್ಪ ಕೊನೆಯ ವಾಲ್ವ್ ಸೆಟ್ ಮಾಡುತ್ತಿದ್ದಾಗ ಪಕ್ಕದ ಮನೆಯ ಇಂಗ್ಲಿಷ್ ಹಿರಿಯರು ಬಂದು ನಿಂತರು. ಎಂಥ ಪಳಗಿದ ಕೈ ಎಂದು ಮೆಚ್ಚಿದರು. ನಾನು ಅವರಿಗೆ, “ನನ್ನ ತಂದೆಗೂ ಹಳೆಯ ಕಾರುಗಳ ಹುಚ್ಚು” ಎಂದೆ. ಅಪ್ಪನಿಗೆ ಆ ವೇಗದ ಇಂಗ್ಲಿಷ್ ಅರ್ಥವಾಗಲಿಲ್ಲ. ತನ್ನ ಬಗ್ಗೆ ಏನೋ ಒಳ್ಳೆಯದು ಹೇಳುತ್ತಿದ್ದಾರೆಂದು ನಕ್ಕ.

ಹೊಟ್ಟೆಪಾಡನ್ನು ಹವ್ಯಾಸ ಮಾಡಿಬಿಟ್ಟಿದ್ದೆ. ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ. ಟ್ಯಾಕ್ಸಿ ಓಡಿಸುತ್ತಿದ್ದರು ಎಂದಿದ್ದರೆ ಆ ಹಿರಿಯರು ಇನ್ನಷ್ಟು ಗೌರವ ಕೊಡುತ್ತಿದ್ದರೋ ಏನೋ. ಅವರ ಅಪ್ಪ ಕೊವೆಂಟ್ರಿಯ ಕಾರ್ಖಾನೆಯಲ್ಲಿ ದುಡಿದವರು. ಸುಳ್ಳು ಬಂದದ್ದು ಹೊರಗಿನ ಹೆದರಿಕೆಯಿಂದಲ್ಲ. ಅದು ನನ್ನೊಳಗೆ ಸಿದ್ಧವಾಗಿ ಕೂತಿತ್ತು.

ಅಂದಿನಿಂದ ಈ ಕಾರಿನ ಬಗ್ಗೆ ನಾನು ಹೇಳುತ್ತಿದ್ದ ಕಾರಣಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದೆ. ಪರಂಪರೆ ಉಳಿಸುತ್ತಿದ್ದೇನೆ ಎನ್ನುತ್ತಿದ್ದೆ. 5 ಲಕ್ಷ ತಯಾರಾದ ಕಾರಿನಲ್ಲಿ ನನ್ನದೊಂದು ಹೋದರೆ ಯಾವ ಪರಂಪರೆಯೂ ಮುಳುಗುವುದಿಲ್ಲ. ಹಳೆಯ ಅಚ್ಚುಗಳನ್ನೇ ಬಳಸಿ ಎಂಜಿಬಿಯ ಹೊಚ್ಚ ಹೊಸ ಬಾಡಿಯನ್ನು ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ 1988ರಿಂದ ಮಾಡಿಕೊಡುತ್ತಿದೆ. ಎಂಜಿ ಎಂಬ ಹೆಸರೂ ಇಂಗ್ಲಿಷರ ಕೈಯಲ್ಲಿ ಉಳಿದಿಲ್ಲ. 2005ರಲ್ಲಿ ಎಂಜಿ ರೋವರ್ ದಿವಾಳಿಯಾದ ಮೇಲೆ ಅದು ಚೀನಾದವರ ಪಾಲಾಯಿತು. 2019ರಿಂದ ಭಾರತದಲ್ಲೂ ಎಂಜಿ ಹೆಕ್ಟರ್ ಓಡುತ್ತಿದೆ. ಊರಿಗೆ ಫೋನು ಮಾಡಿ ಎಂಜಿ ಕೊಂಡೆ ಎಂದಾಗ ಚಿಕ್ಕಪ್ಪನ ಮಗ, “ನಮ್ಮ ಎದುರುಮನೆಯವರದ್ದೂ ಅದೇ ಕಣೋ, ಸನ್‌ರೂಫ್ ಐತೆ” ಎಂದಿದ್ದ. ಹೂಡಿಕೆ ಎಂದೂ ಹೇಳಿಕೊಂಡಿದ್ದೆ. ಸುರಿದ ದುಡ್ಡಿನ ಅರ್ಧವೂ ಮಾರಿದರೆ ಬರುವುದಿಲ್ಲ. ಯಂತ್ರದ ಮೇಲಿನ ಪ್ರೀತಿ ಎನ್ನೋಣವೆಂದರೆ, ಅದೇ ಯಂತ್ರ ಮನೆಯ ಮುಂದೆ ನಿಂತಿದ್ದಾಗ ನಾನು ಅದರತ್ತ ಬೆನ್ನು ತಿರುಗಿಸಿದ್ದೆ.

ಉಳಿದದ್ದು ಒಂದೇ. ಮೆಕ್ಯಾನಿಕ್ ಅನ್ನಿಸಿಕೊಳ್ಳದೆ ಕೈ ಮಸಿ ಮಾಡಿಕೊಳ್ಳುವ ಹಕ್ಕನ್ನು ನಾನು ದುಡ್ಡು ಕೊಟ್ಟು ಕೊಂಡಿದ್ದೆ. ಭಾನುವಾರ ಗ್ರೀಸು ಮೆತ್ತಿಕೊಂಡು ಸೋಮವಾರ ತೊಳೆದ ಕೈಯಲ್ಲಿ ಆಫೀಸಿಗೆ ಹೋಗಬಹುದು. ಅಪ್ಪನ ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಕೆಲಸ ಒಂದೇ, ಎಂಜಿನ್ ಒಂದೇ. ಬೇಡವೆನ್ನಿಸಿದ ದಿನ ಬಿಟ್ಟುಬಿಡುವ ಅನುಕೂಲ ನನಗಿದೆ, ಅವನಿಗಿರಲಿಲ್ಲ. ಆ ಅನುಕೂಲವನ್ನೇ ನಾನು ಅಭಿರುಚಿ ಎಂದುಕೊಂಡಿದ್ದೆ.

ಹಸಿರು ಬಳಿಸಿದ್ದೂ ಅದಕ್ಕೇ. ಅಪ್ಪನ ಅಂಬಾಸಿಡರ್ ಬಿಳಿ. ಕಾರ್ಖಾನೆಯ ಬಣ್ಣಕ್ಕೇ ಹಿಂತಿರುಗಿದ್ದರೆ ನನ್ನ ಗ್ಯಾರೇಜಿನಲ್ಲಿ ಅಂಬಾಸಿಡರ್ ಎಂಜಿನ್ನಿನ ಇನ್ನೊಂದು ಬಿಳಿ ಕಾರು ನಿಲ್ಲುತ್ತಿತ್ತು. ಅಷ್ಟು ಹತ್ತಿರ ನನಗೆ ಬೇಡವಾಗಿತ್ತು. ಈಗ ಬಿಳಿ ಹೊಡೆಸಿ ಲೆಕ್ಕ ಚುಕ್ತಾ ಮಾಡುವ ನಾಟಕವನ್ನೂ ಮಾಡಲಾರೆ. ಹಸಿರು ನನಗೆ ಇಷ್ಟ. ಇದೇ ಬೆಲೆಗೆ ಒಂದು ಒಳ್ಳೆಯ ಅಂಬಾಸಿಡರ್ ಕೊಡುತ್ತೇನೆ, ಬದಲಾಯಿಸಿಕೋ ಎಂದರೆ ಒಪ್ಪುತ್ತೇನೆಯೇ ಎಂದು ಕೇಳಿಕೊಂಡಿದ್ದೇನೆ. ಇಲ್ಲ. ಕಾರಣ ತಿಳಿದ ಮಾತ್ರಕ್ಕೆ ಆಸೆ ಬಿಟ್ಟುಹೋಗುವುದಿಲ್ಲ.

ಬೇಸಿಗೆಯಲ್ಲಿ ಇಲ್ಲಿ ಹಳೆಯ ಕಾರುಗಳ ಮೇಳ ನಡೆಯುತ್ತದೆ. ಪ್ರತಿ ಕಾರಿನ ಮುಂದೂ ಅದರ ಚರಿತ್ರೆ ಬರೆದ ಒಂದು ಬೋರ್ಡು ಇಡುವುದು ವಾಡಿಕೆ. ನನ್ನ ಬೋರ್ಡಿನಲ್ಲಿ ಹಿಂದಿನ ಮಾಲೀಕರ ಸಂಖ್ಯೆ, ಎಂಜಿನ್ ವಿವರ, ರೆಸ್ಟೋರ್ ಆದ ಕತೆ ಇದ್ದವು. ಅಪ್ಪ ಊರಿಗೆ ಹೋದ ಮೇಲೆ ಎರಡು ಸಾಲು ಸೇರಿಸಿದೆ. ಸಿಲ್ ಬೆಸೆದವರು ವೆಲ್ಡರ್, ನಾನಲ್ಲ ಎಂದು ಒಂದು. ಇದೇ ವಂಶದ ಎಂಜಿನ್ ಭಾರತದ ಹಾಸನದಲ್ಲಿ ನನ್ನ ತಂದೆಯ ಟ್ಯಾಕ್ಸಿಯನ್ನು ಎಳೆದು ನಮ್ಮನ್ನು ಸಾಕಿತು ಎಂದು ಇನ್ನೊಂದು. ಮೊದಲನೆಯದನ್ನು ಯಾರೂ ಓದುವುದಿಲ್ಲ. ಎರಡನೆಯದರ ಮುಂದೆ ಜನ ನಿಲ್ಲುತ್ತಾರೆ. ಎಂಥ ಕತೆ ಎನ್ನುತ್ತಾರೆ, ಫೋಟೊ ತೆಗೆಯುತ್ತಾರೆ, ಪಕ್ಕದ ಕಾರಿನವರು ಹೊಟ್ಟೆಕಿಚ್ಚುಪಡುತ್ತಾರೆ. ಕಳೆದ ಮೇಳದಲ್ಲಿ ಆ ಸಾಲು ಬರುವವರ ಕಣ್ಣಿಗೆ ನೇರ ಬೀಳುವ ಹಾಗೆ ಬೋರ್ಡನ್ನು ಸ್ವಲ್ಪ ತಿರುಗಿಸಿದೆ.

ಅಪ್ಪನನ್ನು ಮರೆಮಾಡಿದಾಗ ನನಗೆ ಲಾಭವಿತ್ತು. ತೋರಿಸಿದಾಗಲೂ ಲಾಭ ನನಗೇ. ಆ ಸಾಲನ್ನು ಅಳಿಸಿದರೆ ಅವನು ಮತ್ತೆ ಹಳೆಯ ಕಾರಿನ ಹುಚ್ಚಿನವನಾಗುತ್ತಾನೆ, ಉಳಿಸಿದರೆ ಅವನ ದುಡಿಮೆ ನನ್ನ ಕಾರಿಗೆ ಇನ್ನೊಂದು ಕ್ರೋಮಿಯಂ ಪಟ್ಟಿಯಾಗುತ್ತದೆ. ಸದ್ಯಕ್ಕೆ ಉಳಿಸಿದ್ದೇನೆ. ಅದು ಸತ್ಯವಾದ್ದರಿಂದ ಉಳಿಸಿದ್ದೇನೆ ಎಂದು ಮಾತ್ರ ಯಾರಿಗೂ ಹೇಳುವುದಿಲ್ಲ. ಆ ಮಾತು ಅರ್ಧ ನಿಜ, ಅಷ್ಟೆ.