ಕಡಲು ಬಿಟ್ಟುಹೋದ ಬಂದರು

ಪೂರ್ವ ಮೆಡಿಟರೇನಿಯನ್ನಿನ ವಿಹಾರ ನೌಕೆಗಳು, ಎಂದರೆ ಪ್ರಯಾಣಿಕರನ್ನು ಬೆಳಿಗ್ಗೆ ಒಂದು ಬಂದರಿನಲ್ಲಿ ಇಳಿಸಿ ಸಂಜೆಯೊಳಗೆ ಮತ್ತೆ ಹತ್ತಿಸಿಕೊಂಡು ಮುಂದೆ ಸಾಗುವ ಕ್ರೂಸ್ ಹಡಗುಗಳು, ಟರ್ಕಿಯ ಪಶ್ಚಿಮ ಕರಾವಳಿಯ ಕುಶಾದಸಿಗೆ ಬರುವುದು ಬಹುಮಟ್ಟಿಗೆ ಆ ಊರಿಗಾಗಿ ಅಲ್ಲ, ಅಲ್ಲಿಂದ ಸುಮಾರು 20 ಕಿ.ಮೀ. ದೂರದಲ್ಲಿರುವ ಎಫೆಸಸ್ ನಗರದ ಅವಶೇಷಗಳಿಗಾಗಿ. ರೋಮನ್ ಸಾಮ್ರಾಜ್ಯದ ಏಷ್ಯಾ ಪ್ರಾಂತದ ಆಡಳಿತ ಕೇಂದ್ರವಾಗಿದ್ದ ಈ ನಗರಕ್ಕೆ ಒಂದು ಕಾಲದಲ್ಲಿ ತನ್ನದೇ ಬಂದರಿತ್ತು. ಇಂದು ಕಡಲು ಅಲ್ಲಿಂದ 5-6 ಕಿ.ಮೀ. ಹಿಂದೆ ಸರಿದಿದೆ. ಹಡಗಿನಲ್ಲಿ ಬಂದವರು ಬೇರೊಂದು ಊರಿನಲ್ಲಿ ಇಳಿದು ರಸ್ತೆಯ ಮೂಲಕ ಎಫೆಸಸ್ಸಿಗೆ ಹೋಗಬೇಕಾಗಿರುವುದೇ ಆ ನಗರದ ಇತಿಹಾಸದ ಅತಿ ಮುಖ್ಯ ಸಂಗತಿ ಎಂಬುದನ್ನು ಗಮನದಲ್ಲಿಟ್ಟುಕೊಂಡ ಪ್ರವಾಸಿಗೆ ಅರ್ಧ ದಿನದ ಬಿಡುವು ಸಾಕಾಗುತ್ತದೆ. ಇರುವುದನ್ನೆಲ್ಲ ಕಾಣಬೇಕೆಂದು ಹೊರಟವರಿಗೆ ಒಂದು ವಾರವೂ ಸಾಲದು.

ನೌಕೆಯ ಕಂಪನಿಗಳೇ ಏರ್ಪಡಿಸುವ ಪ್ರವಾಸಕ್ಕೂ ಸ್ವತಂತ್ರವಾಗಿ ಹೋಗುವುದಕ್ಕೂ ಇರುವ ದೊಡ್ಡ ವ್ಯತ್ಯಾಸ ಹಣದ್ದಲ್ಲ, ಹೊಣೆಯದು. ಕಂಪನಿಯ ಬಸ್ಸು ತಡವಾದರೆ ನೌಕೆ ಸಾಮಾನ್ಯವಾಗಿ ಕಾಯುತ್ತದೆ. ತಾನಾಗಿ ಹೋದವನಿಗಾಗಿ ಕಾಯುವುದಿಲ್ಲ. ಆದ್ದರಿಂದ ನೌಕೆ ಹೊರಡುವ ಗಳಿಗೆಯನ್ನಲ್ಲ, ಅದಕ್ಕೂ ಮುಂಚಿನ ‘ಎಲ್ಲರೂ ಒಳಗಿರಬೇಕಾದ’ ಗಳಿಗೆಯನ್ನು ಹಿಡಿದು ಹಿಮ್ಮುಖವಾಗಿ ಲೆಕ್ಕ ಹಾಕುವುದು ವಿವೇಕ. ಟರ್ಕಿ 2016ರಿಂದ ಗಡಿಯಾರವನ್ನು ಋತುವಿಗೆ ತಕ್ಕಂತೆ ಹಿಂದೆ ಮುಂದೆ ಮಾಡುವ ಪದ್ಧತಿಯನ್ನು ಕೈಬಿಟ್ಟಿರುವುದರಿಂದ, ಗ್ರೀಸಿಗೂ ಅದಕ್ಕೂ ಬೇಸಿಗೆಯಲ್ಲಿ ಒಂದೇ ಸಮಯವಿದ್ದರೂ ಚಳಿಗಾಲದಲ್ಲಿ ಒಂದು ಗಂಟೆಯ ಅಂತರ ಬೀಳುತ್ತದೆ; ಗ್ರೀಕ್ ದ್ವೀಪಗಳಿಂದ ಬರುವ ನೌಕೆ ತನ್ನ ಗಡಿಯಾರವನ್ನು ಬದಲಿಸಿದೆಯೇ ಎಂಬುದನ್ನು ಇಳಿಯುವ ಮುನ್ನವೇ ವಿಚಾರಿಸಿಕೊಳ್ಳಬೇಕು. ಇಷ್ಟು ಎಚ್ಚರವಿದ್ದರೆ ಉಳಿದದ್ದು ಸುಲಭ. ನಿಗದಿತ ಮಾರ್ಗದಲ್ಲಿ ಓಡುತ್ತ, ಕೇಳಿದಲ್ಲಿ ನಿಲ್ಲಿಸಿ ಜನರನ್ನು ಹತ್ತಿಸಿ ಇಳಿಸುವ ದೋಲ್ಮುಶ್ ಎಂಬ ಮಿನಿಬಸ್ಸು ಕುಶಾದಸಿಯಿಂದ ಸೆಲ್ಚುಕ್ ಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಎಫೆಸಸ್ಸಿನ ಕವಲುದಾರಿಯಲ್ಲಿ ಇಳಿಸುತ್ತದೆ; ಅಲ್ಲಿಂದ ಕೆಳಗಿನ ದ್ವಾರಕ್ಕೆ ಕಾಲ್ನಡಿಗೆಯ ದಾರಿ.

ಈ ಕೆಳಗಿನ ದ್ವಾರವೇ ಸ್ವತಂತ್ರ ಪ್ರವಾಸಿಯ ನಿಜವಾದ ಲಾಭ. ಎಫೆಸಸ್ಸಿಗೆ ಎರಡು ದ್ವಾರಗಳಿದ್ದು, ಗುಂಪು ಪ್ರವಾಸಗಳು ಬಹುಪಾಲು ಮೇಲಿನ ದ್ವಾರದಲ್ಲಿ ಇಳಿದು, ಇಳಿಜಾರಿನಲ್ಲಿ ನಡೆದು, ಕೆಳಗೆ ಕಾದಿರುವ ಬಸ್ಸನ್ನು ಸೇರುತ್ತವೆ. ಕಾಲಿಗೆ ಅದು ಹಿತವೇ. ಆದರೆ ಹಾಗೆ ನಡೆದವರಿಗೆ ನಗರ ಹಿಂದುಮುಂದಾಗಿ ಕಾಣಿಸುತ್ತದೆ. ಕಡಲ ಮೇಲಿಂದ ಬಂದ ವರ್ತಕನೂ ರೋಮ್‌ನಿಂದ ಬಂದ ಅಧಿಕಾರಿಯೂ ಮೊದಲು ಕಂಡದ್ದು ಬಂದರನ್ನು, ಆಮೇಲೆ ಬಂದರಿನಿಂದ ನೇರವಾಗಿ ಬೃಹತ್ ರಂಗಮಂದಿರದತ್ತ ಹೋಗುವ ಅಮೃತಶಿಲೆಯ ರಾಜಬೀದಿಯನ್ನು. ಅರ್ಧ ಕಿಲೋಮೀಟರಿಗಿಂತ ತುಸು ಉದ್ದವಿರುವ ಈ ಬೀದಿಗೆ, ಕ್ರಿ.ಶ. 395ರಿಂದ 408ರವರೆಗೆ ಆಳಿದ ಆರ್ಕೇಡಿಯಸ್ ಚಕ್ರವರ್ತಿಯ ಕಾಲದಲ್ಲಿ ದುರಸ್ತಿಯಾದ ಕಾರಣ, ಆರ್ಕೇಡಿಯನ್ ಬೀದಿ ಎಂಬ ಹೆಸರು ಬಂತು. ಇಲ್ಲಿ ರಾತ್ರಿ ದೀಪಗಳು ಉರಿಯುತ್ತಿದ್ದವೆಂದು ಶಾಸನವೊಂದು ತಿಳಿಸುತ್ತದೆ.

ಸುಮಾರು 25,000 ಜನ ಕೂರಬಹುದಾಗಿದ್ದ ರಂಗಮಂದಿರದ ಮೇಲಿನ ಸಾಲುಗಳನ್ನೇರಿ ಪಶ್ಚಿಮಕ್ಕೆ ನೋಡಿದರೆ ಬೀದಿ ಮುಗಿಯುವಲ್ಲಿ ನೀರಿಲ್ಲ. ಜೊಂಡು ಬೆಳೆದ ತಗ್ಗು, ಅದರಾಚೆ ಹೊಲಗಳು. ಗ್ರೀಕರು ಕೇಯ್‌ಸ್ಟ್ರೋಸ್ ಎಂದು ಕರೆದ, ಇಂದು ಕ್ಯೂಚುಕ್ ಮೆಂಡೆರೆಸ್ ಎಂಬ ಹೆಸರಿನ ನದಿ ಒಳನಾಡಿನ ಹೂಳನ್ನು ಹೊತ್ತು ತಂದು ಶತಮಾನಗಳ ಕಾಲ ಇಲ್ಲಿ ಸುರಿಯಿತು. ನಗರದವರು ಸುಮ್ಮನೆ ಕೂರಲಿಲ್ಲ. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಪೆರ್ಗಮಾನ್‌ನ ಅರಸ ಎರಡನೆಯ ಅಟ್ಟಾಲಸ್, ಬಂದರಿನ ಬಾಯಿಯನ್ನು ಕಿರಿದು ಮಾಡಿದರೆ ಒಳಗಿನ ನೀರು ಆಳವಾಗುವುದೆಂದು ನಂಬಿ ಅಡ್ಡಕಟ್ಟೆ ಕಟ್ಟಿಸಿದ. ಮೊದಲು ಕಡಲಿನ ಉಬ್ಬರವಿಳಿತ ಹೊರಗೆ ಸೆಳೆದೊಯ್ಯುತ್ತಿದ್ದ ಹೂಳು ಈಗ ಒಳಗೇ ನಿಂತು ಬಂದರು ಇನ್ನಷ್ಟು ಆಳ ಕಳೆದುಕೊಂಡಿತೆಂದು ಭೂಗೋಳಕಾರ ಸ್ಟ್ರಾಬೊ ದಾಖಲಿಸಿದ್ದಾನೆ. ನೀರೋನ ಆಳ್ವಿಕೆಯಲ್ಲಿ ಪ್ರಾಂತಾಧಿಪತಿ ಬರೇಯಾ ಸೊರಾನಸ್ ಹೂಳು ತೆಗೆಸಿದ. ಕ್ರಿ.ಶ. ಎರಡನೆಯ ಶತಮಾನದಲ್ಲಿ ಹ್ಯಾಡ್ರಿಯನ್ ಚಕ್ರವರ್ತಿ ನದಿಯ ಹರಿವನ್ನೇ ತಿರುಗಿಸಲು ಯತ್ನಿಸಿದ. ನಗರವೊಂದು ತನ್ನ ಉಸಿರಿಗಾಗಿ ಇಷ್ಟು ದೀರ್ಘಕಾಲ ಹೋರಾಡಿ ಸೋತ ಜಾಗವನ್ನು ಎತ್ತರದಿಂದ ಒಂದೇ ನೋಟಕ್ಕೆ ಕಾಣುವ ಅವಕಾಶ ಬೇರೆ ಕಡೆ ವಿರಳ. ಇಲ್ಲಿ ಅರ್ಧ ಗಂಟೆ ಕುಳಿತರೆ ಅದು ವ್ಯರ್ಥವಲ್ಲ; ಮಧ್ಯಾಹ್ನದ ಬಿಸಿಲಿಗೆ ನೆರಳೇ ಇಲ್ಲವಾದ್ದರಿಂದ ಬೆಳಿಗ್ಗೆಯೇ ಕೂರುವುದು ಲೇಸು.

ರಂಗಮಂದಿರದ ಬಳಿಯಿಂದ ಹೊರಡುವ ಇನ್ನೊಂದು ಅಮೃತಶಿಲೆಯ ಬೀದಿಯಲ್ಲಿ ಮುಂದೆ ಸಾಗಿದರೆ ಕೆಲ್ಸಸ್ ಗ್ರಂಥಾಲಯದ ಮುಂಭಾಗ. ಏಷ್ಯಾ ಪ್ರಾಂತದ ಅಧಿಪತಿಯಾಗಿದ್ದ ಕೆಲ್ಸಸ್‌ನ ನೆನಪಿಗೆ ಮಗ ಅಕ್ವಿಲಾ ಎರಡನೆಯ ಶತಮಾನದ ಆರಂಭದಲ್ಲಿ ಕಟ್ಟಿಸತೊಡಗಿದ ಈ ಕಟ್ಟಡ ಏಕಕಾಲಕ್ಕೆ ಗ್ರಂಥಾಲಯವೂ ಹೌದು, ಸಮಾಧಿಯೂ ಹೌದು. ಕೆಲ್ಸಸ್‌ನ ಶವಪೆಟ್ಟಿಗೆ ನೆಲದಡಿಯ ಕೋಣೆಯಲ್ಲಿದೆ. ಇಂದು ನಿಂತಿರುವ ಮುಂಭಾಗವು ಬಿದ್ದ ಕಲ್ಲುಗಳನ್ನು ಆಸ್ಟ್ರಿಯದ ಪುರಾತತ್ತ್ವಜ್ಞರು 1970ರಿಂದ 1978ರ ನಡುವೆ ಮತ್ತೆ ಜೋಡಿಸಿ ನಿಲ್ಲಿಸಿದ್ದು. ಹತ್ತಿರ ಹೋಗಿ ನೋಡಿದರೆ ನಡುವಿನ ಕಂಬಗಳು ಅಂಚಿನವುಗಳಿಗಿಂತ ತುಸು ದೊಡ್ಡವು, ಕಂಬಗಳು ನಿಂತ ಜಗಲಿಯೂ ನಡುವೆ ನಸುವೇ ಉಬ್ಬಿದೆ. ಇಕ್ಕಟ್ಟಿನ ಜಾಗದಲ್ಲಿ ಕಟ್ಟಡ ಇದ್ದುದಕ್ಕಿಂತ ಅಗಲವಾಗಿ ಕಾಣಲೆಂದು ಶಿಲ್ಪಿಗಳು ಹೂಡಿದ ಉಪಾಯವಿದು. ಗೂಡುಗಳಲ್ಲಿರುವ ಜ್ಞಾನ, ಸದ್ಗುಣ ಮೊದಲಾದವುಗಳ ಸ್ತ್ರೀರೂಪದ ಪ್ರತಿಮೆಗಳು ಪ್ರತಿಕೃತಿಗಳು, ಮೂಲಗಳು ವಿಯೆನ್ನಾದಲ್ಲಿವೆ. ಎಫೆಸಸ್ಸಿನ ವೈಭವದ ಒಂದು ಪಾಲು ಎಫೆಸಸ್ಸಿನಲ್ಲೇ ಇಲ್ಲದಿರುವುದು ವಿಷಾದದ ವಿಷಯ.

ಬೀದಿಯ ಚಪ್ಪಡಿಯೊಂದರ ಮೇಲಿನ ಪಾದದ ಗುರುತನ್ನು ವೇಶ್ಯಾಗೃಹದ ಜಾಹೀರಾತೆಂದು ತೋರಿಸುವ ವಾಡಿಕೆಗೆ ಗಟ್ಟಿ ಆಧಾರವಿಲ್ಲ, ಅಲ್ಲಿ ನಿಲ್ಲಬೇಕಾಗಿಲ್ಲ. ಅದರ ಬದಲು, ಪ್ರತ್ಯೇಕ ಟಿಕೆಟ್ಟಿನ ಇಳಿಜಾರಿನ ಮನೆಗಳಿಗೆ ಹೋಗುವುದು ಮೇಲು. ಗುಡ್ಡದ ಓರೆಗೆ ಮೆಟ್ಟಿಲಂತೆ ಕಟ್ಟಿದ ಈ ಶ್ರೀಮಂತರ ಮನೆಗಳನ್ನು ಈಗ ದೊಡ್ಡ ಚಾವಣಿಯಡಿ ಕಾಪಾಡಲಾಗಿದ್ದು, ಗೋಡೆಗಳ ವರ್ಣಚಿತ್ರಗಳೂ, ಮೊಸಾಯಿಕ್ ಎಂದರೆ ಬಣ್ಣದ ಕಲ್ಲಿನ ಚೂರುಗಳನ್ನು ಜೋಡಿಸಿ ಮಾಡಿದ ನೆಲಹಾಸುಗಳೂ ಇದ್ದಲ್ಲಿಯೇ ಉಳಿದಿವೆ; ಗುಂಪು ಪ್ರವಾಸಗಳು ಸಮಯದ ಅಭಾವದಿಂದ ಇವನ್ನು ಹೆಚ್ಚಾಗಿ ಬಿಟ್ಟುಬಿಡುತ್ತವೆ.

ಅವಶೇಷಗಳಿಂದ ಹೊರಬಿದ್ದ ಮೇಲೆ ನೌಕೆಯ ಲೆಕ್ಕದಲ್ಲಿ ಒಂದೂವರೆ ಗಂಟೆ ಮಿಕ್ಕಿದ್ದರೆ ನೇರ ಬಂದರಿಗೆ ಹಿಂದಿರುಗದೆ ಸೆಲ್ಚುಕ್‌ಗೆ ಹೋಗಬೇಕು. ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದೆನಿಸಿದ ಆರ್ಟೆಮಿಸ್ ದೇವಾಲಯದ ನೆಲೆ ಪಟ್ಟಣದ ಅಂಚಿನಲ್ಲಿದೆ. ಒಂದು ಕಾಲಕ್ಕೆ ಅದು ಎಲ್ಲಿತ್ತೆಂಬುದೇ ಮರೆತುಹೋಗಿತ್ತು. ಇಜ್ಮಿರ್-ಐದಿನ್ ರೈಲುಮಾರ್ಗದ ಕೆಲಸಕ್ಕೆಂದು ಬಂದಿದ್ದ ಇಂಗ್ಲಿಷ್ ವಾಸ್ತುಶಿಲ್ಪಿ ಜಾನ್ ಟರ್ಟಲ್ ವುಡ್ 1863ರಲ್ಲಿ ಹುಡುಕಾಟ ಶುರುಮಾಡಿ ವರ್ಷಗಟ್ಟಲೆ ಅಗೆದ. ಕೊನೆಗೆ ದಾರಿ ತೋರಿದ್ದು ರಂಗಮಂದಿರದಲ್ಲಿ ಸಿಕ್ಕ, ಕ್ರಿ.ಶ. 104ರ ಸಾಲ್ಯುಟಾರಿಸ್ ಎಂಬ ದಾನಿಯ ಶಾಸನ. ಉತ್ಸವದ ದಿನ ಪ್ರತಿಮೆಗಳನ್ನು ದೇವಾಲಯದಿಂದ ಮ್ಯಾಗ್ನೀಷಿಯಾ ಹೆಬ್ಬಾಗಿಲ ಮೂಲಕ ತಂದು ಮತ್ತೊಂದು ಬಾಗಿಲಿನಿಂದ ಹಿಂದಕ್ಕೆ ಒಯ್ಯಬೇಕೆಂದು ಅದರಲ್ಲಿತ್ತು. ವುಡ್ ಆ ಹೆಬ್ಬಾಗಿಲನ್ನು ಪತ್ತೆಹಚ್ಚಿ, ಅಲ್ಲಿಂದ ಹೊರಟ ಹಳೆಯ ರಸ್ತೆಯ ಜಾಡು ಹಿಡಿದು ಅಗೆಯುತ್ತ ಹೋಗಿ, 1869ರ ಕೊನೆಯಲ್ಲಿ ಸುಮಾರು 6 ಮೀಟರ್ ಹೂಳಿನಡಿ ದೇವಾಲಯದ ನೆಲಗಟ್ಟನ್ನು ಮುಟ್ಟಿದ.

ಈಗ ಅಲ್ಲಿರುವುದು ತುಂಡುಗಳನ್ನು ಪೇರಿಸಿ ನಿಲ್ಲಿಸಿದ ಒಂದು ಕಂಬ, ಸುತ್ತ ನೀರು ನಿಲ್ಲುವ ಬಯಲು. ನೋಡಲು ಏನೂ ಇಲ್ಲವೆಂದು ಅನೇಕರು ಬಸ್ಸಿನ ಕಿಟಕಿಯಿಂದಲೇ ಕಣ್ಣು ಹಾಯಿಸಿ ಮುಂದೆ ಹೋಗುತ್ತಾರೆ. ಹೂಳು ಬಂದರನ್ನು ಮುಚ್ಚಿದ್ದನ್ನು ರಂಗಮಂದಿರದ ಮೇಲಿನಿಂದ ಕಂಡು ಬಂದವರು ಮಾತ್ರ, ದೇವಾಲಯದ ನೆಲೆಯನ್ನೂ ಹೂಳೇ ಮುಚ್ಚಿತೆಂದು ಅರಿತು, ಇಲ್ಲಿ ನಿಲ್ಲಲು ಕಾರಣ ಕಾಣುತ್ತಾರೆ. ಅವರು ತಪ್ಪದೆ ನಿಲ್ಲಬೇಕು. ಸೆಲ್ಚುಕ್ ಬಸ್ ನಿಲ್ದಾಣದಿಂದ ಇಲ್ಲಿಗೆ ನಡೆದೇ ಬರಬಹುದು, ಕುಶಾದಸಿಗೆ ಮರಳುವ ದೋಲ್ಮುಶ್ ಹೊರಡುವುದೂ ಅದೇ ನಿಲ್ದಾಣದಿಂದ.