ಬಂಡಿ ಎಡಕ್ಕೆ, ನಾನು ಬಲಕ್ಕೆ

ಮೋಟಾರು ವಾಹನಗಳ ವಿಷಯದಲ್ಲಿ ನಾನು ಪರಮ ಅಜ್ಞಾನಿ. ಮೂವತ್ತೈದು ವರ್ಷ ಲೆಕ್ಕಪತ್ರದ ಕಛೇರಿಯೊಂದರಲ್ಲಿ ಸವೆದು ನಿವೃತ್ತನಾದ ನನಗೆ ಸ್ಕೂಟರಿನ ಹಿಡಿ ಗೊತ್ತು, ಸಿಟಿ ಬಸ್ಸಿನ ಮೇಲ್ಗಂಬಿ ಗೊತ್ತು. ಕಾರಿನ ಸ್ಟಿಯರಿಂಗು ಮುಟ್ಟಿದವನಲ್ಲ. ಅಂಥವನು ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಕಾರು ಓಡಿಸಲು ಕಲಿತೆನೆಂದರೆ ವಾಚಕರು ಹುಬ್ಬೇರಿಸುವುದು ಸಹಜ. ಕಾರಿನ ಉದ್ದ ಸುಮಾರು ಒಂದೂವರೆ ಅಡಿ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ.

ಕಳೆದ ವರ್ಷದ ಆಷಾಢದಲ್ಲಿ ಒಂದು ಬೆಳಗ್ಗೆ ಕಾಫಿಯ ಲೋಟ ನನ್ನ ಬಲಗೈಯಿಂದ ತಾನಾಗಿಯೇ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಹೋದರೆ ಕೈ ನನ್ನ ಮಾತು ಕೇಳಲಿಲ್ಲ. ಮನೆಯವರು ತಡಮಾಡದೆ ಆಸ್ಪತ್ರೆಗೆ ಸೇರಿಸಿದುದರಿಂದ ಜೀವ ಉಳಿಯಿತು, ಮಾತೂ ಉಳಿಯಿತು. ಎರಡು ತಿಂಗಳಲ್ಲಿ ಕಾಲು ಬಹುಮಟ್ಟಿಗೆ ಸುಧಾರಿಸಿತು. ನಡೆಯುವಾಗ ಸ್ವಲ್ಪ ಬಲಕ್ಕೆ ವಾಲುತ್ತಿದ್ದೆ, ಅಷ್ಟೆ. ಕೈ ಮಾತ್ರ ಕದಲದೆ ಕುಳಿತಿತು. ಮೃದುವಾದ ಚೆಂಡೊಂದನ್ನು ಕೊಟ್ಟು ದಿನಕ್ಕೆ ಇನ್ನೂರು ಸಲ ಹಿಸುಕಬೇಕೆಂದು ಫಿಸಿಯೋಥೆರಪಿಯವರು ವಿಧಿಸಿದರು. ಇನ್ನೂರು ಸಲ ರಾಮನಾಮ ಜಪಿಸಬಹುದು. ಚೆಂಡು ಹಿಸುಕುವುದು ಅದಕ್ಕಿಂತ ಕಠಿಣ ತಪಸ್ಸು. ಇಪ್ಪತ್ತಕ್ಕೆ ಬಿಟ್ಟು ಇನ್ನೂರೆಂದು ಸುಳ್ಳು ಹೇಳುತ್ತಿದ್ದೆ. ಜೀವಮಾನವೆಲ್ಲ ಪರರ ಲೆಕ್ಕ ತಪಾಸಣೆ ಮಾಡಿದವನ ಲೆಕ್ಕ ಹೀಗಾಯಿತು.

ನವೆಂಬರಿನಲ್ಲಿ ಬದುಕಿದ್ದೇನೆಂಬ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಹೋದೆ. ಎಡಗೈಯಲ್ಲಿ ಗೀಚಿದ ರುಜು ಹಳೆಯದಕ್ಕೆ ಹೊಂದಲಿಲ್ಲ. ಮೇಜಿನ ಆಚೆಯಿದ್ದ ಹುಡುಗ ಬಹಳ ವಿನಯದಿಂದಲೇ ಶಾಯಿಯ ಡಬ್ಬಿಯನ್ನು ಮುಂದೆ ಸರಿಸಿ, “ಹೆಬ್ಬೆಟ್ಟು ಒತ್ತಿಬಿಡಿ ಸಾರ್, ಸಾಕು” ಎಂದ. ಅವನದೇನೂ ತಪ್ಪಿಲ್ಲ, ನಿಯಮ ಹಾಗಿದೆ. ಆದರೆ ಮನೆಗೆ ಬಂದು ಆ ಬೆರಳನ್ನು ಎಷ್ಟು ಸಲ ಸೋಪು ಹಾಕಿ ತೊಳೆದೆನೆಂದು ನನ್ನ ಹೆಂಡತಿಗೆ ಗೊತ್ತು. ಆ ಮೇಲೆ ಚೆಂಡನ್ನು ಮುಟ್ಟಲೇ ಇಲ್ಲ.

ಯುಗಾದಿಗೆ ಮುಂಚೆ ಅಟ್ಟ ಗುಡಿಸುವಾಗ ಕಾರು ಸಿಕ್ಕಿತು. ನನ್ನ ಕಿರಿಯ ಮಗ ಇಂಜಿನಿಯರಿಂಗ್ ಓದುತ್ತಿದ್ದಾಗ ಕೊಂಡು, ಪರೀಕ್ಷೆ ಹತ್ತಿರ ಬಂದಾಗ ನನ್ನಿಂದ ಬೈಸಿಕೊಂಡು ಅಟ್ಟಕ್ಕೆಸೆದಿದ್ದ ರೇಡಿಯೋ ಕಾರು ಅದು. ನಿಜವಾದ ಕಾರಿನ ಹತ್ತನೆಯ ಒಂದು ಪಾಲು ಗಾತ್ರ. ಹಳೆಯ ಬ್ಯಾಟರಿ ಸೋರಿ ರಿಮೋಟು ಹಾಳಾಗಿತ್ತು. ಹದಿಮೂರು ವರ್ಷದ ನನ್ನ ಮೊಮ್ಮಗಳು ತನ್ನ ಅಪ್ಪನನ್ನು ಕಾಡಿಬೇಡಿ ಹೊಸ ರಿಮೋಟು, ಹೊಸ ರಿಸೀವರು ತರಿಸಿಕೊಂಡಳು. ರಿಮೋಟು ಪಿಸ್ತೂಲಿನ ಆಕಾರದ್ದು. ಎಡಗೈಯಲ್ಲಿ ಹಿಡಿದು ತೋರುಬೆರಳಿನಿಂದ ಕುದುರೆ ಎಳೆದರೆ ಕಾರು ಮುಂದಕ್ಕೋಡುತ್ತದೆ. ಬಲಮಗ್ಗುಲಲ್ಲಿ ಸ್ಪಂಜು ಸುತ್ತಿದ ಪುಟ್ಟ ಚಕ್ರವೊಂದಿದೆ, ಅದನ್ನು ಬಲಗೈಯಿಂದ ತಿರುಗಿಸಿದರೆ ಕಾರು ಎಡಕ್ಕೋ ಬಲಕ್ಕೋ ಹೊರಳುತ್ತದೆ. ಬಲಗೈಯಿಂದ ಎಂಬುದನ್ನು ಅವಳು ನನಗಿಂತ ಮೊದಲೇ ಗಮನಿಸಿದ್ದಳೆಂದು ಆಮೇಲೆ ತಿಳಿಯಿತು.

ನಮ್ಮ ಸುದ್ದಗುಂಟೆಪಾಳ್ಯದ ಓಣಿಗಳನ್ನು ಕಂಡವರಿಗೆ ಅಲ್ಲಿ ಆಟಿಕೆಯ ಕಾರಿಗೂ ಜಾಗವಿಲ್ಲವೆಂದು ಹೇಳಬೇಕಾಗಿಲ್ಲ. ಹೆಸರಿನಲ್ಲಿ ಗುಂಟೆಯಿದೆ, ಪಾಳ್ಯವಿದೆ. ಕಣ್ಣಿಗೆ ಕಾಣುವುದು ಒಂದರ ಮೇಲೊಂದು ಹೊರೆ ಹೊತ್ತ ಮಹಡಿಗಳು, ಕ್ರೈಸ್ಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಬಾಡಿಗೆ ಕೋಣೆಗಳು, ಪ್ರತಿ ಬಾಗಿಲ ಮುಂದೆ ನಾಲ್ಕು ಮೋಟಾರು ಸೈಕಲ್ಲು. ಆದುದರಿಂದ ನಮ್ಮ ರಂಗಸ್ಥಳ ತಾರಸಿ: ಒಂದು ಕಡೆ ನೀರಿನ ಟ್ಯಾಂಕು, ಮತ್ತೊಂದು ಕಡೆ ತುಳಸಿಯ ಕುಂಡ, ನಡುವೆ ಬಟ್ಟೆ ಒಣಹಾಕುವ ತಂತಿ.

ಮೊದಲ ದಿನವೇ ಗೊತ್ತಾದ ದೋಷವೆಂದರೆ, ಚಕ್ರವನ್ನು ಮುಟ್ಟದಿದ್ದರೂ ಕಾರು ಎಡಕ್ಕೆ ಎಳೆದುಕೊಂಡು ಹೋಗುತ್ತಿತ್ತು. “ಬಂಡಿ ಎಡಕ್ಕೆ, ಇವರು ಬಲಕ್ಕೆ. ಇಬ್ಬರನ್ನೂ ಕಟ್ಟಿ ಬಿಟ್ಟರೆ ನೆಟ್ಟಗೆ ಹೋಗುತ್ತಾರೇನೋ ನೋಡೇ” ಎಂದಳು ನನ್ನಾಕೆ. ಕಾಯಿಲೆ ಬಿದ್ದ ಮೇಲೆ ಮನೆಯಲ್ಲಿ ನನ್ನನ್ನು ಹಾಸ್ಯಮಾಡಿದ್ದು ಅದೇ ಮೊದಲು. ಯಾಕೋ ಹಿತವಾಯಿತು.

ರಿಮೋಟಿನಲ್ಲಿ ಟ್ರಿಮ್ ಎಂಬ ಗುಂಡಿಯಿದೆ. ಮೊಮ್ಮಗಳು ಅದನ್ನು ಒಂದೇ ಸಮನೆ ಬಲಕ್ಕೆ ಒತ್ತಿದಳು, ಕಾರು ನೆಟ್ಟಗಾಯಿತು. ಆದರೆ ಈಗ ಎಡಕ್ಕೆ ಸುತ್ತುವಾಗ ಚಿಕ್ಕ ವೃತ್ತ, ಬಲಕ್ಕೆ ಸುತ್ತುವಾಗ ತುಳಸಿಕುಂಡಕ್ಕೆ ಢಿಕ್ಕಿ. ಬುಡದಲ್ಲಿರುವ ತಪ್ಪನ್ನು ಷರಾ ಬರೆದು ಮುಚ್ಚಿದರೆ ವರ್ಷಾಂತ್ಯದಲ್ಲಿ ಬೇರೆ ಕಡೆ ಬಾಯಿಬಿಡುತ್ತದೆಂಬುದು ನನ್ನ ವೃತ್ತಿಯ ಅನುಭವ. ಹಾಗೆಂದೆ. ಅವಳು ಸ್ಕ್ರೂಡ್ರೈವರು ತಂದು ಕಾರಿನ ಮೇಲುಹೊದಿಕೆಯನ್ನು ಕಳಚಿದಳು.

ಒಳಗೆ ಬೆಂಕಿಪೊಟ್ಟಣಕ್ಕಿಂತ ತುಸು ದಪ್ಪನಾದ ಕಪ್ಪು ಡಬ್ಬಿ. ಅದರ ಹೆಸರು ಸರ್ವೊ. ಪುಟ್ಟ ಮೋಟಾರು, ನಾಲ್ಕಾರು ಹಲ್ಲುಚಕ್ರ, ‘ಈಗ ಎಷ್ಟು ತಿರುಗಿದ್ದೇನೆ’ ಎಂದು ಕ್ಷಣಕ್ಷಣವೂ ವರದಿ ಒಪ್ಪಿಸುವ ಒಂದು ಸಾಧನ, ಇವಿಷ್ಟು ಅದರೊಳಗಿನ ಸಂಸಾರ. ರಿಸೀವರು ಸಾಮಾನ್ಯವಾಗಿ ಸೆಕೆಂಡಿಗೆ 50 ಸಲ ಅದಕ್ಕೊಂದು ವಿದ್ಯುತ್ ಮಿಡಿತವನ್ನು ಕಳಿಸುತ್ತದೆ. ಮಿಡಿತ ಸೆಕೆಂಡಿನ ಸಾವಿರದಲ್ಲಿ ಒಂದೂವರೆ ಪಾಲು ಇದ್ದರೆ ನಡುವೆ ನಿಲ್ಲು ಎಂದರ್ಥ. ಒಂದು ಪಾಲಾದರೆ ಒಂದು ಕೊನೆಗೆ ಹೋಗು, ಎರಡಾದರೆ ಮತ್ತೊಂದು ಕೊನೆಗೆ. ಅಪ್ಪಣೆಗೂ ವರದಿಗೂ ವ್ಯತ್ಯಾಸವಿರುವ ತನಕ ಮೋಟಾರು ದುಡಿಯುತ್ತಲೇ ಇರುತ್ತದೆ. ಇದನ್ನೆಲ್ಲ ವಿವರಿಸಿ ಮೊಮ್ಮಗಳು, “ತಾತ, ನಿನ್ನ ರಿಮೋಟು ಸರಿಯಾಗಿಯೇ ಇದೆ, ಮಿಡಿತ ಕೈಗೆ ತಲುಪುತ್ತಿಲ್ಲ” ಎಂದಳು. ಇಷ್ಟು ಸ್ಪಷ್ಟವಾಗಿ ವೈದ್ಯರೂ ಹೇಳಿರಲಿಲ್ಲ.

ಸರ್ವೊವಿನ ತಲೆಯ ಮೇಲಿರುವ ಕಿರುಗೈಗೆ ಹಾರ್ನ್ ಎನ್ನುತ್ತಾರೆ, ಅದು ಕೂಗುವುದಿಲ್ಲ. ಅದನ್ನು ಸಿಕ್ಕಿಸುವ ಅಚ್ಚಿಗೆ 25 ಹಲ್ಲು. ಒಂದು ಹಲ್ಲು ಆಚೀಚೆಯಾದರೆ ಹದಿನಾಲ್ಕು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ. ನನ್ನ ಮಗರಾಯ ಆ ಕಾಲದಲ್ಲಿ ಒಂದು ಹಲ್ಲು ತಪ್ಪಿಸಿ ಸಿಕ್ಕಿಸಿದ್ದ. ನಾವು ಟ್ರಿಮ್ಮನ್ನು ಸೊನ್ನೆಗೆ ತಂದು, ಹಾರ್ನನ್ನು ಕಿತ್ತು, ಮೊದಲು ರಿಮೋಟು ಆಮೇಲೆ ಕಾರು ಎಂಬ ಕ್ರಮದಲ್ಲಿ ಚಾಲೂ ಮಾಡಿ, ಸರ್ವೊ ತಾನಾಗಿ ನಡುವಿಗೆ ಬಂದು ನಿಂತ ಮೇಲೆ, ಕೊಂಡಿಯ ಕಡ್ಡಿಗೆ ಹಾರ್ನು ಲಂಬವಾಗಿರುವಂತೆ ಮತ್ತೆ ಸಿಕ್ಕಿಸಿದೆವು. ಉಳಿದ ಒಂದೆರಡು ಡಿಗ್ರಿಯನ್ನಷ್ಟೆ ಟ್ರಿಮ್ಮಿಗೆ ಬಿಟ್ಟೆವು. ಮುಂದಿನ ಎರಡು ಚಕ್ರಗಳ ಕಡ್ಡಿಗಳನ್ನು ಅಳತೆಪಟ್ಟಿಯಿಂದ ಅಳೆದು ಸಮ ಮಾಡಿದೆವು. ಬಹುವಚನ ನನ್ನ ದೊಡ್ಡಸ್ತಿಕೆ. ನಾನು ಹಿಡಿದುಕೊಂಡಿದ್ದುದು ಟಾರ್ಚು.

ಆಗ ಒಂದು ವಿಚಿತ್ರ ಕಂಡೆ. ತಿರುಗಿಸಿದಾಗ ಒಳಬದಿಯ ಚಕ್ರ ಹೊರಬದಿಯದಕ್ಕಿಂತ ಹೆಚ್ಚು ಓರೆಯಾಗುತ್ತದೆ. ಇದೂ ಮಗರಾಯನ ತಪ್ಪೆಂದು ನಾನು ಭಾವಿಸಿದೆ. ಅಲ್ಲವಂತೆ. ತಿರುವಿನಲ್ಲಿ ಒಳಚಕ್ರದ ವೃತ್ತ ಚಿಕ್ಕದು, ಹೊರಚಕ್ರದ್ದು ದೊಡ್ಡದು. ಎರಡೂ ಸಮನಾಗಿ ತಿರುಗಿದರೆ ಒಂದು ಚಕ್ರ ನೆಲವನ್ನುಜ್ಜುತ್ತದೆ. ಕುದುರೆಗಾಡಿಗಳ ಕಾಲದಲ್ಲೇ ಇದಕ್ಕೆ ಉಪಾಯ ಹುಡುಕಿದವನು ಮ್ಯೂನಿಕ್ಕಿನ ಬಂಡಿ ತಯಾರಕ ಲಂಕೆನ್ಸ್‌ಪರ್ಗರ್. 1818ರಲ್ಲಿ ಅವನ ಪರವಾಗಿ ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದವನು ಆಕರ್‌ಮನ್. ಹೆಸರು ಉಳಿದದ್ದು ಆಕರ್‌ಮನ್‌ನದು. ಅರ್ಜಿ ಬರೆದವನ ಹೆಸರು ಉಳಿಯುವುದು ಎಲ್ಲ ಕಛೇರಿಗಳಲ್ಲೂ ಇದ್ದದ್ದೇ. ನಮ್ಮ ದೇವಸ್ಥಾನದ ತೇರಿಗೆ ಈ ಸೌಕರ್ಯವಿಲ್ಲ. ಉರುಳುವ ಚಕ್ರದಡಿ ಮರದ ತುಂಡು ಕೊಟ್ಟು ಅದನ್ನು ತಿರುಗಿಸುವವರ ಧೈರ್ಯವನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ದೂರದಿಂದ ಕೆಲಸ ಮಾಡಿಸುವ ವಿದ್ಯೆಯೂ ಹೊಸದಲ್ಲ. 1895ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ತಂತಿಯಿಲ್ಲದೆ ದೂರದ ಗಂಟೆಯನ್ನು ಬಾರಿಸಿ, ಮದ್ದನ್ನು ಸಿಡಿಸಿ ತೋರಿಸಿದರು. 1898ರಲ್ಲಿ ನಿಕೋಲ ಟೆಸ್ಲಾ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ರೇಡಿಯೋ ಅಲೆಗಳಿಂದ ನಡೆಸಿದ. ಅಷ್ಟು ದೂರವೇಕೆ? 2023ರ ಆಗಸ್ಟಿನಲ್ಲಿ ಚಂದ್ರನ ಮೇಲೆ ಓಡಾಡಿದ ‘ಪ್ರಜ್ಞಾನ್’ಗೆ ಅಪ್ಪಣೆ ಹೋಗುತ್ತಿದ್ದುದು ನಮ್ಮ ಬೆಂಗಳೂರಿನಿಂದಲೇ. ಆರು ಚಕ್ರ, 26 ಕೆ.ಜಿ. ತೂಕ, ಸೆಕೆಂಡಿಗೆ ಒಂದು ಸೆಂಟಿಮೀಟರಿನಷ್ಟು ವೇಗ. ಆಗಸ್ಟ್ 27ರಂದು ಮೂರು ಮೀಟರು ಮುಂದೆ ನಾಲ್ಕು ಮೀಟರು ಅಗಲದ ಗುಣಿ ಕಂಡು, ಬಂದ ದಾರಿಗೆ ಹಿಂದಿರುಗೆಂದು ಅದಕ್ಕೆ ಹೇಳಲಾಯಿತು. ಆ ಸುದ್ದಿಯನ್ನು ಓದಿದಾಗ ನಾನು ಗಟ್ಟಿಮುಟ್ಟಾಗಿದ್ದೆ. ಒಂದು ಸೆಂಟಿಮೀಟರು ಎಂದು ನಕ್ಕಿದ್ದೆ. ಈಗ ನಗುವುದಿಲ್ಲ.

ಕಾರು ನೆಟ್ಟಗಾದ ಸಂಜೆ ಮೊಮ್ಮಗಳು ರಿಮೋಟನ್ನು ನನ್ನ ಕೈಗಿತ್ತು, “ಈಗ ನೀನು ತಿರುಗಿಸು” ಎಂದಳು. ಬಲಕ್ಕೆಂದರೆ ಪುಟ್ಟ ಚಕ್ರವನ್ನು ಮುಂದಕ್ಕೆ ತಳ್ಳಬೇಕು. ಅದು ಅರ್ಧದಷ್ಟು ಆಯಿತು. ಎಡಕ್ಕೆಂದರೆ ಹಿಂದಕ್ಕೆ ಎಳೆಯಬೇಕು. ಅದು ಕೂದಲೆಳೆಯಷ್ಟೂ ಆಗಲಿಲ್ಲ. ಕಾರು ನೀರಿನ ಟ್ಯಾಂಕಿಗೆ ಹೋಗಿ ಗುದ್ದಿತು. ರಿಮೋಟನ್ನು ಕಟ್ಟೆಯ ಮೇಲಿಟ್ಟು, ನನಗೆ ನಿದ್ದೆ ಬರುತ್ತಿದೆಯೆಂದು ಕೆಳಗಿಳಿದು ಹೋದೆ. ಸಂಜೆ ಐದೂವರೆಗೆ ಯಾರಿಗೆ ನಿದ್ದೆ?

ಮರುದಿನ ಅವಳು ರಿಮೋಟಿನಲ್ಲಿ ಏನೋ ಮಾಡಿ ತಂದಿದ್ದಳು. ಸರ್ವೊ ಎಲ್ಲಿಯವರೆಗೆ ತಿರುಗಬಹುದೆಂಬುದಕ್ಕೆ ಎಂಡ್ ಪಾಯಿಂಟು ಎಂಬ ಎಲ್ಲೆಯಿದೆ; ಎಡಕ್ಕೊಂದು, ಬಲಕ್ಕೊಂದು. ನೂರಕ್ಕೆ ಇಟ್ಟರೆ, ಕೈ ಪೂರ್ತಿ ತಿರುಗಿದಾಗ ಕಾರಿನ ಚಕ್ರ ಪೂರ್ತಿ ಹೊರಳುತ್ತದೆ. ಅವಳು ಬಲಕ್ಕೆ 120, ಎಡಕ್ಕೆ 140 ಇಟ್ಟು, ನಡುವಿನ ಬಳಿ ಚುರುಕಾಗುವಂತೆ ಇನ್ನೊಂದು ಹೊಂದಿಕೆಯನ್ನೂ ಮಾಡಿದ್ದಳು. ಈಗ ನನ್ನ ಕೈ ಎಳ್ಳಷ್ಟು ಕದಲಿದರೂ ಕಾರು ಕೇಳುತ್ತಿತ್ತು. ಅಂದು ಕತ್ತಲಾಗುವ ತನಕ ಟ್ಯಾಂಕನ್ನು ಪ್ರದಕ್ಷಿಣೆ ಹಾಕಿಸಿದೆ. ಇನ್ನೂರು ಸಲವಾಯಿತೋ ಏನೋ, ಎಣಿಸಲಿಲ್ಲ.

ಇದರಲ್ಲೊಂದು ಅಪಾಯವಿತ್ತು. ಒಳ್ಳೆಯ ಕೈಯವರು ಯಾರಾದರೂ ಪೂರ್ತಿ ತಿರುಗಿಸಿದರೆ, ಕಾರಿನ ಚಕ್ರ ತಡೆಗೆ ತಾಗಿ ನಿಂತ ಮೇಲೂ ಸರ್ವೊಗೆ ಇನ್ನೂ ತಿರುಗೆಂಬ ಅಪ್ಪಣೆ ಹೋಗುತ್ತಲೇ ಇರುತ್ತದೆ. ಅದು ಗುಂಯ್ಗುಟ್ಟುತ್ತ ಕಾದು ಸುಟ್ಟುಹೋಗುತ್ತದೆ. ಆದುದರಿಂದ ‘ತಾತನ ಹೊರತು ಬೇರೆಯವರು ಮುಟ್ಟುವ ಮುಂಚೆ 100ಕ್ಕೆ ಇಳಿಸತಕ್ಕದ್ದು’ ಎಂದು ಚೀಟಿ ಬರೆದು ರಿಮೋಟಿಗೆ ಅಂಟಿಸಿದ್ದಳು. ಅಳಿಯಂದಿರೂ ಅದನ್ನು ಪಾಲಿಸುತ್ತಿದ್ದರು.

ಮೇ ತಿಂಗಳ ಮಧ್ಯದಲ್ಲಿ ಒಂದು ಸಂಜೆ ನಾನು ಎಡಕ್ಕೆ ದೊಡ್ಡ ಸುತ್ತು ಹಾಕಿಸುತ್ತಿದ್ದೆ. ಎಲ್ಲೋ ಗುಂಯ್ ಎಂಬ ಸದ್ದು ಕೇಳಿತು. ಪಕ್ಕದ ಮನೆಯ ಮಿಕ್ಸಿಯೆಂದುಕೊಂಡೆ. ಸುಟ್ಟ ವಾಸನೆ ಬಂತು, ಅವರದೇ ಒಗ್ಗರಣೆಯೆಂದುಕೊಂಡೆ. ಮೊಮ್ಮಗಳು ಮೆಟ್ಟಿಲಿನಿಂದ ಓಡಿಬಂದು, “ತಾತ, ಬಿಡು! ಕೈ ಬಿಡು!” ಎಂದು ಕೂಗಿದಳು. ಹಿಡಿದ ಬೆರಳು ಕೂಡಲೇ ಬಿಡಬೇಕಲ್ಲ! ಅವಳೇ ಬಂದು ಒಂದೊಂದಾಗಿ ಬಿಡಿಸಿದಳು. ಕಾರಿನ ಹೊಟ್ಟೆಯಿಂದ ಸಣ್ಣಗೆ ಹೊಗೆ ಬರುತ್ತಿತ್ತು.

ನನಗೆ ಅಳುವೇ ಬಂದಿತು. ಮಗುವಿನ ಆಟಿಕೆಯನ್ನು ಸುಟ್ಟೆನಲ್ಲ ಎಂದೆ. ಅವಳು ಕಾರಿನ ಕಡೆ ನೋಡಲೇ ಇಲ್ಲ. ರಿಮೋಟಿನ ಚಕ್ರವನ್ನು ನೋಡಿದಳು, ನನ್ನ ಕೈ ನೋಡಿದಳು. “ತಾತ, ಎಷ್ಟು ತಿರುಗಿಸಿದ್ದೆ? ಎಡಕ್ಕೆ ಎಷ್ಟು ತಿರುಗಿಸಿದ್ದೆ?” ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ, “ಅಜ್ಜೀ!” ಎಂದು ಕಿರುಚುತ್ತ ಕೆಳಗೋಡಿದಳು.

ಹೊಸ ಸರ್ವೊ ತರಲು ಇಬ್ಬರೂ ಆಟೋ ಹಿಡಿದು ಎಸ್. ಪಿ. ರಸ್ತೆಗೆ ಹೋದೆವು. ಕಾಯಿಲೆಯಾದ ಮೇಲೆ ಆಸ್ಪತ್ರೆ, ಬ್ಯಾಂಕುಗಳ ಹೊರತು ನಾನು ಹೋದ ಮೊದಲ ಪೇಟೆ ಅದು. ಅಂಗಡಿಯವನು ಒಂಬತ್ತು ಕೆ.ಜಿ. ಸೆಂಟಿಮೀಟರು ಬಲದ್ದೆಂದು ಒಂದನ್ನು ತೋರಿಸಿದ. ಅಚ್ಚಿನಿಂದ ಒಂದು ಸೆಂಟಿಮೀಟರು ದೂರದಲ್ಲಿ ಒಂಬತ್ತು ಕೆ.ಜಿ. ತೂಗಬಲ್ಲದೆಂದು ಅದರ ಅರ್ಥ. ಹಲ್ಲುಗಳು ಲೋಹದವು. ಪಿಂಚಣಿಯ ಹಣದಲ್ಲಿ ಕೊಂಡೆ. ಈ ಸಲ ಹಾರ್ನನ್ನು ಸಿಕ್ಕಿಸುವಾಗ ಟಾರ್ಚು ಅವಳ ಕೈಯಲ್ಲಿತ್ತು. ಮುಕ್ಕಾಲು ಗಂಟೆ ಹಿಡಿಯಿತು. ಅವಳು ನಡುವೆ ಬಾಯಿಹಾಕಲಿಲ್ಲ.

ಎಲ್ಲೆಗಳನ್ನು ಈಗ ವಾರಕ್ಕೊಮ್ಮೆ ಪರಿಷ್ಕರಿಸುತ್ತೇವೆ. ಬಲಕ್ಕೆ ನೂರಕ್ಕೆ ಬಂದು ಒಂದು ತಿಂಗಳಾಯಿತು. ಎಡಕ್ಕೆ 140ರಿಂದ 125, 118. ಒಂದು ವಾರ ಜ್ವರ ಬಂದು ಪುನಃ 122. ಈ ಶ್ರಾವಣದಲ್ಲಿ 110. ಅಂಕಿಗಳನ್ನು ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ ಬರೆದಿಡುವವನು ನಾನೇ, ಬಲಗೈಯಲ್ಲೇ. ಮೂರು ಎಂಟಿನಂತೆ ಕಾಣುತ್ತದೆಂದು ಮೊಮ್ಮಗಳ ಆಕ್ಷೇಪಣೆಯಿದೆ. ಪ್ರತಿ ಪುಟದ ಕೆಳಗೆ, ಕಛೇರಿಯ ಪದ್ಧತಿಯಂತೆ, ರುಜು ಹಾಕುತ್ತೇನೆ. ನವೆಂಬರಿಗೆ ಇನ್ನೂ ಮೂರು ತಿಂಗಳಿದೆ.

ನಾಳೆ ಭಾನುವಾರ. ಬಾಡಿಗೆ ಕೋಣೆಯ ಹುಡುಗರು ಏಳುವುದು ಒಂಬತ್ತರ ಮೇಲೆ. ಅಷ್ಟರೊಳಗೆ ಓಣಿಯಲ್ಲೇ ಓಡಿಸಿ ನೋಡೋಣವೆಂದು ಅವಳು ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಮಲಗಿದ್ದಾಳೆ.